ಇಳಿದವರು ಮಾತಾಡುತ್ತಿರಬೇಕು

ಅಕ್ಟೋಬರ್ 6, ಭಾನುವಾರ. ದುಕ್ಮ್, ಒಮಾನ್

ಅಡಿಪಾಯದ ಬಾವಿಗೆ ನಾನೇ ಇಳಿಯಬೇಕಂತೆ. ಕ್ಯಾಮೆರಾ ಇಳಿಸಿ ಫೋಟೊ ನೋಡಿದರೆ ಸಾಲದಂತೆ. ಪ್ರಾಜೆಕ್ಟ್ ಮ್ಯಾನೇಜರ್ ಗೋಪಾಲಕೃಷ್ಣ ಸರ್ ಈ ಮಾತನ್ನು ಬೆಳಗಿನ ಮೀಟಿಂಗಿನಲ್ಲಿ ಚಹಾಕ್ಕೆ ಬಿಸ್ಕತ್ತು ಅದ್ದುತ್ತ ಹೇಳಿದರು. "ಕ್ಲೈಂಟ್ ಷರತ್ತು ಕಣ್ರೀ ಮೇಡಂ. ಬುಡದ ಬಂಡೆನ ಇಂಜಿನಿಯರ್ ಕಾಲಲ್ಲಿ ಮೆಟ್ಟಿ, ಕೈಯಲ್ಲಿ ಮುಟ್ಟಿ, ಆಮೇಲೆ ಸರಿ ಅನ್ನಬೇಕು. ನೀವು ಓದಿದ್ದೇ ಇದನ್ನಲ್ವಾ?"

ಓದಿದ್ದು ಇದನ್ನೇ. ನನ್ನ ಎಂ.ಟೆಕ್ ಪ್ರಬಂಧ ಶಿಕಾಗೊದ ಮೊದಮೊದಲ ಗಗನಚುಂಬಿಗಳ ಅಡಿಪಾಯದ ಬಗ್ಗೆ. ಆ ಊರಿನ ನೆಲ ಮೇಲೆ ತುಸು ಗಟ್ಟಿ, ಕೆಳಗೆ ಮೆತ್ತನೆಯ ಜೇಡಿ. ಮೊದಲು ರೈಲು ಕಂಬಿಗಳನ್ನು ಉದ್ದಕ್ಕೂ ಅಡ್ಡಕ್ಕೂ ಜೋಡಿಸಿ, ಕಾಂಕ್ರೀಟು ತುಂಬಿ, ತೆಪ್ಪದ ಹಾಗೆ ಮಾಡಿ ಅದರ ಮೇಲೆ ಕಟ್ಟಡ ನಿಲ್ಲಿಸುತ್ತಿದ್ದರು. ಕುಸಿಯುತ್ತದೆಂದು ಗೊತ್ತಿದ್ದರಿಂದ ಮೊದಲೇ ಕೆಲವು ಅಂಗುಲ ಎತ್ತರಿಸಿ ಕಟ್ಟುತ್ತಿದ್ದರು. ಆಮೇಲೆ ಕಟ್ಟಿದ ಒಂದು ಕಟ್ಟಡದ ಪಕ್ಕದಲ್ಲೇ ಪತ್ರಿಕೆಯೊಂದರ ಮುದ್ರಣಯಂತ್ರಗಳಿದ್ದವು. ನೆಲಕ್ಕೆ ಕಂಬ ಬಡಿದರೆ ಯಂತ್ರಗಳು ಅದುರುತ್ತವೆ. ಹಾಗಾಗಿ ಆ ಬದಿಯಲ್ಲಿ ಮನುಷ್ಯರೇ ಬಾವಿ ತೋಡಿದರು. ಸುತ್ತ ಹಲಗೆ, ಅದಕ್ಕೆ ಕಬ್ಬಿಣದ ಬಳೆ, ಗಟ್ಟಿ ನೆಲ ಸಿಗುವವರೆಗೆ ಕೆಳಗೆ ಕೆಳಗೆ. ಕೊನೆಗೆ ಬಾವಿಯ ತುಂಬ ಕಾಂಕ್ರೀಟು. ಆ ಕಂಬಗಳ ಮೇಲೆ ಕಟ್ಟಡ.

ಇಲ್ಲಿ ಮುದ್ರಣಯಂತ್ರದ ಬದಲು ರಿಫೈನರಿಯ ಚಾಲೂ ಪೈಪುಗಳಿವೆ. ನಾವು ಕಟ್ಟುತ್ತಿರುವ, ಬಂದರಿನ ಹಡಗುಗಳನ್ನು ಕಾಯುವ ಗೋಪುರ ಅವುಗಳ ಮಗ್ಗುಲಲ್ಲೇ ಏಳಬೇಕು. ಪೈಪುಗಳು ಅದುರುವುದರಿಂದ ಡ್ರಿಲ್ಲಿಂಗ್ ರಿಗ್ ತಂದು ಹೂಡುವಂತಿಲ್ಲ. ಆದ್ದರಿಂದ ಗೋಪುರದ ಒಂದೊಂದು ಕಾಲಿಗೆ ಒಂದೊಂದು ಬಾವಿ, ಹತ್ತಾಳು ಆಳ. ಕೆಳಗಿರುವುದು ಸುಣ್ಣಕಲ್ಲು. ಸುಣ್ಣಕಲ್ಲಿನ ಒಳಗೆ ಪೊಳ್ಳು ಇರುತ್ತದೆ. ಪೊಳ್ಳಿನ ಮೇಲೆ ಕಾಲಿಟ್ಟರೆ ಗೋಪುರ ವಾಲುತ್ತದೆ.

ಅಷ್ಟು ಪುಟ ಬರೆದ ಪ್ರಬಂಧದಲ್ಲಿ ಆ ಬಾವಿಗೆ ಇಳಿದವರಿಗೆ ಹೇಗನ್ನಿಸಿತು ಎಂದು ನಾನು ಒಂದು ಸಾಲೂ ಬರೆಯಲಿಲ್ಲ. ನಾನು ಲಿಫ್ಟಿನಲ್ಲಿ ನಾಲ್ಕು ಜನ ಕಂಡರೆ ಮೆಟ್ಟಿಲು ಹತ್ತುವವಳು. ಮೀಟಿಂಗಿನಲ್ಲಿ "ಸರಿ ಸರ್" ಎಂದೆ. ಬೇರೆ ಏನು ಹೇಳಬಹುದಿತ್ತು? ಈ ಸೈಟಿಗೆ ಹೆಂಗಸನ್ನು ಯಾಕೆ ಕಳಿಸಿದರು ಎಂದು ಕೇಳಿದವರು ಆಗಲೇ ಇಬ್ಬರಿದ್ದಾರೆ.

ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಬರೆದರೆ ರಿಪೋರ್ಟ್ ಆಗುತ್ತದೆ. ರಿಪೋರ್ಟಿನಲ್ಲಿ ನಾನು ಹೆದರುವುದಿಲ್ಲ.

ಅಕ್ಟೋಬರ್ 8, ಮಂಗಳವಾರ

ಇಳಿದೆ. ಹತ್ತಿ ಬಂದೆ.

ಬಾವಿಯ ಬಾಯಲ್ಲಿ ಕಾವಲು ಕ್ರಿಸ್ಟಲ್‌ಳದು. ಸೇಫ್ಟಿ ಆಫೀಸರ್, ಮೂಡುಬಿದಿರೆಯವಳು, ಕ್ಯಾಂಪಿನಲ್ಲಿ ನನ್ನ ಪಕ್ಕದ ರೂಮು. ನನ್ನಷ್ಟೇ ವಯಸ್ಸಿರಬೇಕು. ಸೊಂಟಕ್ಕೆ, ತೊಡೆಗೆ ಬೆಲ್ಟ್ ಬಿಗಿಯುತ್ತ ಕಾನೂನು ಹೇಳಿದಳು.

"ಒಂದು, ಈ ಮೀಟರ್ ಎದೆ ಮೇಲೆ. ಗಾಳಿ ಕೆಟ್ಟರೆ ಕೂಗ್ತದೆ. ಎರಡು, ಹೊಸ ಗಾಳಿ ಊದುವ ಬ್ಲೋವರ್ ಪೈಪು ಕಾಲಬುಡದಲ್ಲಿ. ಮೂರು, ಮಾತು."

"ಯಾವ ಮಾತು?"

"ಎಂತದಾದ್ರೂ. ಇಳಿಯುವಾಗ ಶುರು ಮಾಡಿದ್ರೆ ಹತ್ತಿ ಬರುವವರೆಗೆ ನಿಲ್ಲಿಸ್ಲಿಕ್ಕಿಲ್ಲ. ಬಾಯಿ ಮುಚ್ಚಿದ್ರೆ ಎಳೀತೇನೆ. ನಾನು ಹಡಗು ರಿಪೇರಿ ಯಾರ್ಡಲ್ಲಿ ಇದ್ದವಳು ಮಾರಾಯ್ರೆ. ಟ್ಯಾಂಕಿನ ಒಳಗೆ ಹೋದವರದ್ದು ಮೀಟರಿಗಿಂತ ಮೊದಲು ಮಾತು ಕೆಡ್ತದೆ. ಕುಡಿದವರ ಹಾಗೆ. ಅವರಿಗೆ ಗೊತ್ತೇ ಆಗುದಿಲ್ಲ, ಮೇಲೆ ಇದ್ದವರಿಗೆ ಮಾತ್ರ."

ಹಗ್ಗ ಇಳಿಸಿ ಎತ್ತುವ ವಿಂಚ್ ನಡೆಸುವ ಉಮ್ಮರ್ ಗುಂಡಿ ಒತ್ತಿದ. ಕಾಲ ಕೆಳಗಿನ ನೆಲ ಹೋಯಿತು.

ಏನು ಮಾತಾಡಲಿ? ಬಾಯಿಗೆ ಬಂದದ್ದು ಹುಳಿ ಮಾಡುವ ವಿಧಾನ. ವಾಕಿಟಾಕಿ ಬಾಯಿಗೆ ಹಿಡಿದು, ತೊಗರಿಬೇಳೆ ತೊಳೆಯುವಲ್ಲಿಂದ ಶುರು ಮಾಡಿದೆ. ಕಬ್ಬಿಣದ ಬಳೆಗಳು ಒಂದೊಂದಾಗಿ ಮೇಲಕ್ಕೆ ಹೋದವು. ಹಲಗೆಯ ಸಂದಿನಿಂದ ಮಣ್ಣು ಜಾರುವ ಸಣ್ಣ ಸದ್ದು. ಮೇಲೆ ನೋಡಿದರೆ ಆಕಾಶ ತಟ್ಟೆಯಷ್ಟು, ಆಮೇಲೆ ಬಟ್ಟಲಿನಷ್ಟು. ಕೊತ್ತಂಬರಿ ಹುರಿಯುವಾಗ ನಾಲಿಗೆ ಒಣಗಿ ಅಂಟಿಕೊಂಡಿತು. ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತಿತ್ತು. ಈ ಗೋಡೆಗಳು ಹತ್ತಿರ ಬರುತ್ತಿಲ್ಲ, ಹತ್ತಿರ ಬರುತ್ತಿಲ್ಲ ಎಂದು ಒಳಗೆ ಹೇಳಿಕೊಳ್ಳುತ್ತ, ಹೊರಗೆ ಇಂಗು ಒಗ್ಗರಣೆಯ ವಿಷಯ ಹೇಳುತ್ತಿದ್ದೆ.

ಬಂಡೆಯ ಮೇಲೆ ನಿಂತೆ. ಸುತ್ತಿಗೆಯಿಂದ ಅಲ್ಲಲ್ಲಿ ಬಡಿದೆ. ಸರಿ ಎಂದೆ. ಎಳೆಯಿರಿ ಎಂದೆ.

ಮೇಲೆ ಬಂದಾಗ ಕ್ರಿಸ್ಟಲ್ ಗ್ಲೂಕೋಸ್ ನೀರು ಕೊಟ್ಟಳು. "ನಿಮ್ಮ ಹುಳಿಗೆ ಬೆಲ್ಲ ಹಾಕ್ತೀರಾ? ಛೀ! ಅಷ್ಟು ಹೆದರಿಕೆಯಲ್ಲೂ ಬೆಲ್ಲ ಮರೀಲಿಲ್ಲ ನೋಡಿ ಮೈಸೂರಿನವರು."

ಹೆದರಿಕೆ ಕಾಣುತ್ತಿತ್ತೇ?

ಅಕ್ಟೋಬರ್ 10, ಗುರುವಾರ

ಸೊಹಾರ್‌ನಿಂದ ನನ್ನ ಗಂಡ ತೇಜಸ್ವಿ ಫೋನ್ ಮಾಡಿದ್ದರು. ಸ್ಟೀಲ್ ಪ್ಲಾಂಟಿನಲ್ಲಿ ಶಟ್‌ಡೌನ್ ಅಂತೆ, ಈ ವಾರಾಂತ್ಯ ಬರಲಾಗುವುದಿಲ್ಲವಂತೆ. "ನೀನೇನು ಮಾಡ್ತಿದ್ದೀಯ ಅಲ್ಲಿ?" ಎಂದರು. "ಫೋಟೊ ನೋಡಿ ಬಂಡೆ ಪಾಸ್ ಮಾಡೋದು" ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತು! ಹೇಳಿದರೆ ಬೇಡ ಅನ್ನುತ್ತಾರೆ. ಬೇಡ ಅಂದರೆ ನನಗೆ ಹಾಯೆನಿಸಿಬಿಡುತ್ತದೆ. ಆ ಹಾಯನ್ನು ನಂಬಿ ವಾಪಸು ಹೋದರೆ ಮುಂದೆ ಯಾವ ಸೈಟಿಗೆ ಕಾಲಿಡಲಿ?

ಅಪ್ಪನ ಜೊತೆಗಿರುವ ಮಗಳು ಮಾನ್ಯಾ ಹತ್ತನೇ ತರಗತಿಯ ಪ್ರಿಪರೇಟರಿಯ ಗಡಿಬಿಡಿಯಲ್ಲಿದ್ದಾಳೆ. "ಅಮ್ಮಾ, ಐ ಹ್ಯಾವ್ ಮ್ಯಾಥ್ಸ್, ಬೈ" ಎಂದಳು.

ಊಟ ಸೇರುತ್ತಿಲ್ಲ.

ಅಕ್ಟೋಬರ್ 15, ಮಂಗಳವಾರ

ಎರಡನೇ ಬಾವಿಗೆ ಇಳಿದೆ. ಭಯ ಮೊದಲಿನಷ್ಟೇ. ಆದರೆ ಇವತ್ತು ಇನ್ನೊಂದು ಭಯ ಅದರ ಹೆಗಲೇರಿ ಕೂತಿದೆ.

ಬಂಡೆಯನ್ನು ಬಡಿದಾಗ ಗಟ್ಟಿ ಇದ್ದರೆ 'ಟಣ್' ಎನ್ನಬೇಕು, ಪೊಳ್ಳಿದ್ದರೆ 'ದಬ್'. ಬ್ಲೋವರಿನ ಆರ್ಭಟದಲ್ಲಿ ನನಗೆ ಎರಡೂ ಒಂದೇ ಥರ ಕೇಳಿಸಿದವು. ಆದರೂ ಸರಿ ಎಂದು ಕೂಗಿದೆ. ಮೇಲೆ ಬಂದು ಹೆಲ್ಮೆಟ್ ತೆಗೆದ ಮೇಲೆ ಕೇಳಿಕೊಂಡೆ: ಬಂಡೆ ಗಟ್ಟಿಯಿದೆಯೆಂದು ಸರಿ ಅಂದೆನೋ, ಬೇಗ ಮೇಲೆ ಬರಬೇಕೆಂದು ಅಂದೆನೋ?

ಉತ್ತರ ಗೊತ್ತಿದೆ. ಗೋಪುರದ ತುದಿಯಲ್ಲಿ ಕೂತು ಹಡಗು ಎಣಿಸುವವರಿಗೆ ಗೊತ್ತಿರುವುದಿಲ್ಲ, ಅಷ್ಟೆ.

ಅಕ್ಟೋಬರ್ 16, ಬುಧವಾರ

ಬೆಳಿಗ್ಗೆ ಗೋಪಾಲಕೃಷ್ಣ ಸರ್‌ಗೆ ಹೇಳಿದೆ, ಎರಡನೇ ಬಾವಿಗೆ ಮತ್ತೆ ಇಳಿಯಬೇಕು, ಬ್ಲೋವರ್ ನಿಲ್ಲಿಸಿ ಬಡಿದು ಕೇಳಬೇಕು ಎಂದು. ಅವರು ಒಪ್ಪಿದರು. ಕ್ರಿಸ್ಟಲ್ ಒಪ್ಪಲಿಲ್ಲ.

"ಬ್ಲೋವರ್ ಇಲ್ಲದೆ ಯಾರನ್ನೂ ಇಳಿಸುದಿಲ್ಲ ನಾನು."

"ಬಡಿಯೋವಾಗ ಮಾತ್ರ, ಕ್ರಿಸ್ಟಲ್. ಕೇಳಿಸದೆ ಪಾಸ್ ಮಾಡಿದ್ರೆ ಇದೆಲ್ಲ ನಾಟಕ ತಾನೆ?"

ಅವಳು ಬ್ಲೋವರಿನ ಗುಂಡಿಯ ಹತ್ತಿರ ಹೋಗಿ ನಿಂತಳು. "ಸರಿ. ಆದರೆ ಮಾತು ನಿಲ್ಲಿಸ್ಬಾರ್ದು. ಒಂದು ಪೆಟ್ಟು, ಒಂದು ಮಾತು. ಒಂದು ಪೆಟ್ಟು, ಒಂದು ಮಾತು."

ಬ್ಲೋವರ್ ನಿಂತಾಗ ಕೆಳಗೆ ಎಂಥ ಮೌನ! ನನ್ನ ಉಸಿರೇ ಬೇರೆ ಯಾರದೋ ಅನ್ನಿಸಿತು. ಬಡಿದೆ. ಟಣ್. "ಸಾಸಿವೆ." ಟಣ್. "ಕರಿಬೇವು." ಗೋಡೆಯ ಬುಡದಲ್ಲಿ: ದಬ್. ಇನ್ನೊಮ್ಮೆ ಬಡಿದೆ. ದಬ್. ನಾನು ನಿಂತಿದ್ದುದು ಅದರ ಪಕ್ಕದಲ್ಲೇ.

ಮಧ್ಯಾಹ್ನ ಅಲ್ಲಿ ಒಡೆದು ನೋಡಿದರೆ ಕುಕ್ಕರಿನಷ್ಟು ದೊಡ್ಡ ಪೊಳ್ಳು. ನಿನ್ನೆ ನಾನು ಸರಿ ಅಂದಿದ್ದ ಬಂಡೆ.

ಗೋಪಾಲಕೃಷ್ಣ ಸರ್ ಎಲ್ಲರೆದುರು ಹೊಗಳಿದರು. ಕ್ರಿಸ್ಟಲ್ ತನ್ನ ಡಬ್ಬಿಯ ನೀರುದೋಸೆ ನನ್ನ ತಟ್ಟೆಗೆ ಹಾಕಿ, "ತಿನ್ನು ಮಾರಾಯ್ತಿ ಅನು, ಕಡ್ಡಿ ಆಗಿದ್ದಿ" ಎಂದಳು. ಇವತ್ತಿನಿಂದ 'ನೀವು' ಹೋಗಿ 'ನೀನು'.

ಅಕ್ಟೋಬರ್ 20, ಭಾನುವಾರ

ಎರಡನೆಯದನ್ನು ಇನ್ನೂ ಆಳಕ್ಕೆ ತೋಡಿದರು. ಇಳಿದು, ಬಡಿದು, ಪಾಸ್ ಮಾಡಿದೆ. ಬ್ಲೋವರ್ ಮೊದಲಿಂದಲೇ ನಿಲ್ಲಿಸಿದ್ದೆವು, ಕ್ರಿಸ್ಟಲ್ ಗೊಣಗುತ್ತ ಒಪ್ಪಿದಳು. ಮಧ್ಯದಲ್ಲಿ ನಿಲ್ಲಿಸು, ಹಾಕು ಎನ್ನುವುದು ರಗಳೆ. ಊಟ ಸೇರಿತು.

ಅಕ್ಟೋಬರ್ 22, ಮಂಗಳವಾರ

ಮೂರನೇ ಬಾವಿ, ಮೊದಲ ತಪಾಸಣೆ. ಬಗ್ಗಿದಾಗೆಲ್ಲ ಎದೆಯ ಮೀಟರ್ ಬಂಡೆಗೆ ತಾಗಿ ಸುಮ್ಮಸುಮ್ಮನೆ ಕೂಗುತ್ತದೆ. ತೆಗೆದು, ತಲೆಯ ಮೇಲೆ ತೂಗುವ, ಮಣ್ಣೆತ್ತುವ ಬಕೆಟ್ಟಿಗೆ ಸಿಕ್ಕಿಸಿದೆ. ಅಲ್ಲಿ ಒಮ್ಮೆಯೂ ಕೂಗಲಿಲ್ಲ. ಮೇಲೆ ಬರುವಾಗ ಮತ್ತೆ ಎದೆಗೆ ಹಾಕಿಕೊಂಡೆ. ಕ್ರಿಸ್ಟಲ್‌ಗೆ ಹೇಳಲಿಲ್ಲ, ಹೇಳುವಂಥ ವಿಷಯವೂ ಅಲ್ಲ.

ಅಕ್ಟೋಬರ್ 24, ಗುರುವಾರ

ಇವತ್ತು ಭಯವೇ ಆಗಲಿಲ್ಲ! ಇದನ್ನು ಮೊದಲು ಬರೆಯಬೇಕು. ಉಳಿದದ್ದನ್ನು ನೆನೆದರೆ ಕೋಪ ಬರುತ್ತದೆ.

ದುಕ್ಮ್‌ನಲ್ಲಿ ಹಗಲೂ ಇರುಳೂ ಬೀಸುವ ಗಾಳಿ ಇವತ್ತು ಬೆಳಿಗ್ಗೆಯಿಂದ ನಿಂತಿತ್ತು. ಬಂದರಿನ ಬಾವುಟಗಳು ಒಣಹಾಕಿದ ಬಟ್ಟೆಯಂತೆ ಜೋತಿದ್ದವು. "ಸಮುದ್ರದಲ್ಲಿ ಎಂತದೋ ಉಂಟು ಮೇಡಂ" ಎಂದ ಉಮ್ಮರ್. ಮೂರನೇ ಬಾವಿಯ ತಳದಲ್ಲಿ ನಿನ್ನೆ ಬೆರಳಗಲದ ಒಂದು ತೂತು ಕೊರೆದಿದ್ದರು, ಕೆಳಗೆ ಪೊಳ್ಳಿದೆಯೇ ನೋಡಲು. ಇದ್ದಿರಬೇಕು, ಅದರಿಂದ ಬೆಚ್ಚನೆಯ ಗಾಳಿ ಮುಖಕ್ಕೆ ತಾಗುತ್ತಿತ್ತು. ಹಿತವಾಗಿತ್ತು. ಕುಕ್ಕರಗಾಲಲ್ಲಿ ಕೂತು ಬಂಡೆಗೆ ಕಿವಿಯಿಟ್ಟೆ. ಎಂಥ ನಿರಾಳ! ಗೋಡೆಗಳು ಹತ್ತಿರ ಬಂದರೆ ಬರಲಿ ಅನ್ನಿಸಿತು. ಇಷ್ಟು ದಿನ ಒಳ್ಳೇ ಮಂಗನ ಹಾಗೆ ನಡುಗುತ್ತಿದ್ದೆನಲ್ಲ ಎಂದು ನಗು ಬಂತು. ಹಾಡಬೇಕು ಅನ್ನಿಸಿತು. ಹಾಡಿದೆನೇನೋ.

ಅಷ್ಟರಲ್ಲಿ ಬೆಲ್ಟ್ ಜಗ್ಗಿತು. ಹೇಳದೆ ಕೇಳದೆ ಕ್ರಿಸ್ಟಲ್ ನನ್ನನ್ನು ಎಳೆಸಿಬಿಟ್ಟಳು. ಮೊಣಕೈ ತರಚಿತು. ನಾನು ಬೇಡ, ಬೇಡ ಎನ್ನುತ್ತಿದ್ದೆ, ಕೆಲಸ ಮುಗಿದಿರಲಿಲ್ಲ. ಮೇಲೆ ಬಂದ ಕೂಡಲೇ ನನ್ನನ್ನು ನೆಲಕ್ಕೆ ಕೆಡವಿ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಒತ್ತಿದಳು, ಕೂಲಿಯವರೆಲ್ಲ ನೋಡುತ್ತಿರುವಾಗ! ಮೀಟರ್ ಕೂಗಿರಲಿಲ್ಲ. ಮೇಲೇರುವಾಗ ಕೈಗೆಟುಕಿದ ಬಕೆಟ್ಟಿನಿಂದ ಅದನ್ನು ಕಿತ್ತುಕೊಂಡಿದ್ದೆ, ಹಸಿರು ದೀಪ. ಅದನ್ನೇ ಅವಳಿಗೆ ತೋರಿಸಿದೆ. ಅವಳು ಅದನ್ನು ನೋಡಲೂ ಇಲ್ಲ.

ನನಗೆ ಕೊನೆಗೂ ಧೈರ್ಯ ಬಂದ ದಿನವೇ ಹೀಗೆ ಮಾಡಬೇಕಿತ್ತೇ? ಅವಳ ಕೈಯಲ್ಲಿ ಗ್ಲೂಕೋಸ್ ನೀರು ಕುಡಿಯುವ ಅನು ಮಾತ್ರ ಅವಳಿಗೆ ಬೇಕೇನೋ. ಹೀಗೆ ಯೋಚಿಸುವುದು ಸಣ್ಣತನವೇ? ಇರಬಹುದು. ಗೋಪಾಲಕೃಷ್ಣ ಸರ್‌ಗೆ ಮೇಲ್ ಕಳಿಸಿದ್ದೇನೆ: ಕಾರಣವಿಲ್ಲದೆ ತಪಾಸಣೆಗೆ ಅಡ್ಡಿ, ಸಹೋದ್ಯೋಗಿಯ ಮೇಲೆ ಬಲಪ್ರಯೋಗ.

ತಲೆ ಸಿಡಿಯುತ್ತಿದೆ. ಕೋಪಕ್ಕೆ.

ಸಂಜೆ ಮಾನ್ಯಾ ವಿಡಿಯೊ ಕಾಲ್ ಮಾಡಿದಳು. ಅವಳಿಗೂ ಹೇಳಿದೆ, ನಿನ್ನ ಅಮ್ಮ ಈಗ ಯಾವುದಕ್ಕೂ ಹೆದರಲ್ಲ ಎಂದು. "ಯು ಸೌಂಡ್ ವಿಯರ್ಡ್, ಅಮ್ಮಾ. ಅಪ್ಪಂಗೆ ಕೊಡ್ಲಾ?" ಎಂದಳು.

ಅಕ್ಟೋಬರ್ 28, ಸೋಮವಾರ

ನನ್ನ ಮೇಲ್ ನೋಡಿ, ಮೀಟರ್ ಹಸಿರಿತ್ತೆಂದು, ಕ್ರಿಸ್ಟಲ್‌ಳನ್ನು ಬಾವಿಯಿಂದ ತೆಗೆದು ಗೋದಾಮಿನ ಲೆಕ್ಕಕ್ಕೆ ಹಾಕಿದ್ದಾರೆ. ಬಾವಿಯ ಬಾಯಿಗೆ ವಿಕ್ಟರ್ ಎಂಬವರು ಬಂದಿದ್ದಾರೆ, ಮಿತಭಾಷಿ. ಅವರಿಗೆ ಕೆಳಗಿನವರು ಮಾತಾಡಬೇಕೆಂಬ ಹಟವಿಲ್ಲ, ಮೀಟರ್ ನೋಡಿದರೆ ಸಾಕು. ಇವತ್ತು ಗಾಳಿ ಜೋರಾಗಿ ಬೀಸುತ್ತಿತ್ತು. ನಾನೇ ಮೀಟರನ್ನು ಹಗ್ಗದಲ್ಲಿ ತಳದವರೆಗೆ ಇಳಿಸಿ ನೋಡಿದೆ. ಗಾಳಿ ಶುದ್ಧ. ನಾನು ಹೇಳಿದ್ದೇ ಸರಿ.

ಮೆಸ್ಸಿನಲ್ಲಿ ಕ್ರಿಸ್ಟಲ್ ಎದುರಿನ ಕುರ್ಚಿ ಮಾತ್ರ ಖಾಲಿಯಿತ್ತು. ಕೂತೆ. ಮೀಟರ್ ವಿಷಯ ಹೇಳಿದೆ. ಗೆದ್ದವರ ದನಿಯಲ್ಲಿ ಹೇಳಬಾರದೆಂದು ಎಚ್ಚರ ವಹಿಸಿದ್ದೆ, ಆದರೂ ದನಿ ಹಾಗೇ ಬಂತು.

ಅವಳು ಮೀನಿನ ಮುಳ್ಳು ಬಿಡಿಸುತ್ತ ಕೇಳಿದಳು, "ನೀವು ಗುರುವಾರ ಹೇಳಿದ ಹುಳಿ ನೆನಪುಂಟಾ ಮೇಡಂ?"

ಮತ್ತೆ ನೀವು. ಮತ್ತೆ ಮೇಡಂ.

"ದಿನಾ ಹೇಳೋದೇ ಅಲ್ವಾ."

"ದಿನಾ ಹೇಳುದಲ್ಲ ಅದು. ಮೊದಲು ಬೇಳೆ ಬೇಯಿಸಿದ್ರಿ, ಸರಿ. ಆಮೇಲೆ ಮಾನ್ಯಾಳನ್ನು ಚೆನ್ನಾಗಿ ತೊಳೆದು, ಹೆಚ್ಚಿ, ಕುಕ್ಕರಿಗೆ ಹಾಕಿ ಅಂದ್ರಿ. ಮೂರು ವಿಷಲ್ ಬರಲಿ ಅಂದ್ರಿ. ಎರಡು ಸಲ ಅಂದ್ರಿ. ಮೂರನೇ ಸಲ ಬರೇ ನಗು."

"ತಮಾಷೆ ಮಾಡ್ಬೇಡಿ ಕ್ರಿಸ್ಟಲ್."

"ನನ್ನ ಮುಖ ನೋಡಿ. ತಮಾಷೆಯ ಹಾಗೆ ಉಂಟಾ? ನನಗೂ ಇಬ್ಬರು ಮಕ್ಕಳು ಉಂಟು. ಆ ಮಾತು ಕೇಳಿ ಮೂರು ದಿನ ಕುಕ್ಕರ್ ಸದ್ದು ಕೇಳ್ಲಿಕ್ಕಾಗ್ಲಿಲ್ಲ ನನಗೆ. ಉಮ್ಮರನ್ನು ಬೇಕಾದ್ರೆ ಕೇಳಿ, ಅವನೂ ಎಲ್ಲ ಕೇಳಿಸಿಕೊಂಡಿದ್ದಾನೆ." ತಟ್ಟೆ ಎತ್ತಿಕೊಂಡು ಎದ್ದಳು. "ಬಲಪ್ರಯೋಗ ಅಂತೆ. ಸತ್ತ ಮೇಲೆ ಎಳೆದಿದ್ರೆ ಬಲ ಇನ್ನೂ ಜಾಸ್ತಿ ಬೇಕಿತ್ತು. ಹೆಣ ಭಾರ ಇರ್ತದೆ."

ಅಕ್ಟೋಬರ್ 29, ಮಂಗಳವಾರ

ಉಮ್ಮರನನ್ನು ಕೇಳಿದೆ. ಅವನು ನೆಲ ನೋಡಿದ. "ಬಿಡಿ ಮೇಡಂ. ಆಗಿ ಹೋಯ್ತು, ಖಲಾಸ್."

ನಾನು ಹಾಗೆ ಹೇಳಿರಲಾರೆ. ನನ್ನ ಬಾಯಿಂದ ಅಂಥ ಮಾತು ಬರಲಾರದು.

ಗುರುವಾರವನ್ನು ಮೊದಲಿಂದ ನೆನಪಿಸಿಕೊಳ್ಳಲು ಪ್ರಯತ್ನಿಸಿದೆ. ಬಾವುಟ. ಬೆಚ್ಚನೆಯ ಗಾಳಿ. ಬಂಡೆಗೆ ಕಿವಿ. ನಗು. ಅದಾದ ಮೇಲೆ ಬೆಲ್ಟಿನ ಜಗ್ಗು. ನಡುವೆ ಏನೂ ಇಲ್ಲ. ಎಷ್ಟು ಸಲ ಬಡಿದೆ? ಎಲ್ಲೆಲ್ಲಿ? ಟಣ್ಣೋ, ದಬ್ಬೋ? ನನ್ನ ಸುತ್ತಿಗೆ ಎಲ್ಲಿ? ಅದು ಇನ್ನೂ ಕೆಳಗೇ ಬಿದ್ದಿದೆ. ಅದನ್ನು ಕೈಬಿಟ್ಟದ್ದು ನನಗೆ ಗೊತ್ತಿಲ್ಲ.

ನನಗೆ ಗೊತ್ತಿಲ್ಲದ ನಾನೊಬ್ಬಳು ಅಲ್ಲಿ ಕೂತು ಮಗಳ ಹೆಸರು ಹಿಡಿದು ನಗುತ್ತಿದ್ದಳು. ಅವಳಿಗೆ ಭಯವಿರಲಿಲ್ಲ. ಅವಳನ್ನೇ ನಾನು ಧೈರ್ಯವಂತೆ ಎಂದು ಈ ಪುಟದಲ್ಲಿ ಬರೆದಿಟ್ಟಿದ್ದೇನೆ.

ಅನ್ನ ಬೆರಳಲ್ಲೇ ಉಳಿಯಿತು.

ಅಕ್ಟೋಬರ್ 31, ಗುರುವಾರ

ಹಾಗಾದರೆ ಸೋಮವಾರ ಮೀಟರ್ ಯಾಕೆ ಹಸಿರು ತೋರಿಸಿತು?

ಎರಡು ದಿನದಿಂದ ಮೂರನೇ ಬಾವಿಯ ಬಾಯಲ್ಲಿ ದಾರಕ್ಕೆ ಟಿಶ್ಯೂ ಕಾಗದ ಕಟ್ಟಿ ನೋಡುತ್ತಿದ್ದೇನೆ. ವಿಕ್ಟರ್ ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ. ನಿನ್ನೆ ಬೆಳಿಗ್ಗೆ ಕಾಗದ ಒಳಕ್ಕೆ ಬಾಗಿತ್ತು. ಮಧ್ಯಾಹ್ನ ನೆಟ್ಟಗೆ ಇಳಿಬಿದ್ದಿತು. ಇವತ್ತು ಸಂಜೆ ಸ್ವಲ್ಪ ಹೊರಕ್ಕೆ ಬಾಗಿತು. ಬಂದರಿನ ಹವಾಮಾನ ಕಚೇರಿಯಿಂದ ವಾಯುಭಾರದ ಅಂಕಿಗಳನ್ನು ತರಿಸಿ ಪಕ್ಕದಲ್ಲಿಟ್ಟೆ. ಭಾರ ಏರಿದಾಗ ಬಾವಿ ಗಾಳಿ ಎಳೆದುಕೊಳ್ಳುತ್ತದೆ. ಇಳಿದಾಗ ಹೊರಬಿಡುತ್ತದೆ. ಸುಣ್ಣಕಲ್ಲಿನೊಳಗಿನ ಪೊಳ್ಳುಗಳೆಲ್ಲ ಒಂದಕ್ಕೊಂದು ಸೇರಿ ನೆಲದಡಿಯಲ್ಲಿ ದೊಡ್ಡ ಶ್ವಾಸಕೋಶದಂತಿರಬೇಕು, ನಾವು ಕೊರೆದ ಬೆರಳಗಲದ ತೂತು ಅದರ ಮೂಗು. ಅಲ್ಲಿ ಎಷ್ಟೋ ಕಾಲದಿಂದ ಕೂತ ಗಾಳಿಯಲ್ಲಿ ಆಮ್ಲಜನಕ ಉಳಿದಿರುವುದಿಲ್ಲ. ಆ ಗುರುವಾರ ಸಮುದ್ರದಲ್ಲಿ ವಾಯುಭಾರ ಕುಸಿದಿತ್ತು. ಬೀಸುವ ಗಾಳಿ ನಿಂತಿತ್ತು. ಬ್ಲೋವರನ್ನು ನಾನೇ ನಿಲ್ಲಿಸಿದ್ದೆ. ಕೆಟ್ಟ ಗಾಳಿ ತಳದಲ್ಲಿ ನೀರಿನಂತೆ ಮಡುಗಟ್ಟಿತ್ತು, ಮೀಟರ್ ಅದಕ್ಕಿಂತ ಒಂದಾಳು ಮೇಲೆ ಬಕೆಟ್ಟಿನಲ್ಲಿ ತೂಗುತ್ತಿತ್ತು. ನಾನು ಆ ತೂತಿಗೆ ಮುಖವಿಟ್ಟು ಕೂತಿದ್ದೆ.

ಹಿತವಾಗಿತ್ತು ಎಂದು ಬರೆದಿದ್ದೇನೆ.

ಗೋಪಾಲಕೃಷ್ಣ ಸರ್‌ಗೆ ವಿವರಿಸಿದೆ. ಕೇಳಿಸಿಕೊಂಡರು. "ಇಂಟರೆಸ್ಟಿಂಗ್ ಕಣ್ರೀ. ಒಂದು ನೋಟ್ ಮಾಡಿ ಕೊಡಿ. ಆದ್ರೆ ಮಂಗಳವಾರ ಕಾಂಕ್ರೀಟ್ ಬುಕ್ ಆಗಿದೆ, ಅವತ್ತು ಬೆಳಿಗ್ಗೆ ಬುಡ ಪಾಸ್ ಆಗ್ಲೇಬೇಕು. ಮೀಟರ್ ಹಸಿರಿದ್ರೆ ಸಾಕು ತಾನೆ?"

ನವೆಂಬರ್ 5, ಮಂಗಳವಾರ

ಬೆಳಿಗ್ಗೆ ಎದ್ದು ಕಿಟಕಿ ತೆರೆದೆ. ಗಾಳಿ ಇರಲಿಲ್ಲ.

ಬಾವಿಯ ಹತ್ತಿರ ಎಲ್ಲರೂ ಕಾಯುತ್ತಿದ್ದರು. ದೂರದಲ್ಲಿ ಕಾಂಕ್ರೀಟ್ ಲಾರಿಗಳು ಹೊಟ್ಟೆ ತಿರುಗಿಸುತ್ತ ಸಾಲಾಗಿ ನಿಂತಿದ್ದವು. ವಿಕ್ಟರ್ ಮೀಟರ್ ಇಳಿಸಿ ಎತ್ತಿ ಹಸಿರು ತೋರಿಸಿದರು. ಅಂಕಿ ಮಿತಿಯೊಳಗಿತ್ತು, ಮಿತಿಯ ಅಂಚಿನಲ್ಲಿತ್ತು. ದಾರದ ಕಾಗದ ಹೊರಕ್ಕೆ, ನನ್ನ ಕಡೆಗೆ ಬಾಗಿತ್ತು. ಬೆಲ್ಟ್ ಕಟ್ಟಿಕೊಂಡೆ. ಅಂಚಿಗೆ ಬಂದೆ. ಕೆಳಗಿನ ಕತ್ತಲು ನೋಡಿದೆ. ಎರಡು ಹೆಜ್ಜೆ ಹಿಂದೆ ಸರಿದೆ.

"ನಾನು ಇಳಿಯಲ್ಲ ಸರ್."

"ಏನ್ರೀ ಮೇಡಂ, ಮೀಟರ್ ಹಸಿರಿದೆ."

"ವಾಯುಭಾರ ಇನ್ನೂ ಇಳೀತಾ ಇದೆ. ಈಗ ಹಸಿರಿದೆ, ನಾನು ಕೆಳಗಿರೋವಾಗ ಇರಲ್ಲ. ಬ್ಲೋವರ್ ಹಾಕಿ, ಭಾರ ಏರೋವರೆಗೆ ಕಾಯೋಣ."

"ಲಾರಿಗಳು ಬಂದು ನಿಂತಿವೆ ಕಣ್ರೀ. ಬಿಸಿಲಿಗೆ ಕಾಂಕ್ರೀಟ್ ಹೆಪ್ಪುಗಟ್ಟುತ್ತೆ. ಇಷ್ಟು ದಿನ ಇಲ್ಲದ್ದು ಇವತ್ತೇನು?"

"ಭಯ ಆಗ್ತಿದೆ ಸರ್."

ಹೇಳಿಬಿಟ್ಟೆ. ಗೋಪಾಲಕೃಷ್ಣ ಸರ್ ಬೇರೆಡೆ ನೋಡಿದರು. ನನಗಾಗಿ ಅವರೇ ನಾಚಿಕೊಂಡಂತಿತ್ತು. ಆಮೇಲೆ ಮೆಲ್ಲಗೆ, ದಯೆಯಿಂದಲೇ, "ಪರವಾಗಿಲ್ಲ, ನೀವು ರೆಸ್ಟ್ ತಗೊಳಿ. ವಿಕ್ಟರ್, ನೀವು ಇಳಿದು ವಿಡಿಯೊ ಮಾಡ್ಕೊಂಡು ಬನ್ನಿ, ಮೇಡಂ ಅದನ್ನ ನೋಡಿ ಹೇಳ್ತಾರೆ. ಯಲ್ಲಾ, ಹೊರಡಿ" ಎಂದರು.

ವಿಕ್ಟರ್ ಬೆಲ್ಟಿಗೆ ಕೈ ಚಾಚಿದರು. ನಾನು ಬಿಚ್ಚಲಿಲ್ಲ. ಆಮೇಲೆ ನಾನು ಕೂಗಿದೆನಂತೆ. ನನಗೆ ನೆನಪಿರುವುದು ಹೇಳಿದ್ದಷ್ಟೇ. ಆ ಗುರುವಾರ ನಾನು ಮೀಟರನ್ನು 'ಬಕೆಟ್ಟಿಗೆ ಹಾಕಿದ್ದೆ' ಎಂದೆ. 'ಬ್ಲೋವರ್ ಬೇಡ ಅಂದಿದ್ದು ನಾನು' ಎಂದೆ. 'ಕ್ರಿಸ್ಟಲ್ ಎಳೆಯದಿದ್ದರೆ ನಾನು ನಗುನಗುತ್ತ ಅಲ್ಲೇ ಸಾಯ್ತಿದ್ದೆ, ಇವರೂ ಹಾಗೇ ಸಾಯ್ತಾರೆ' ಎಂದೆ. ಕೆಲವರಿಗೆ ನನ್ನ ಭಾಷೆ ಅರ್ಥವಾಗಲಿಲ್ಲ. ವಿಕ್ಟರ್‌ಗೆ ಆಯಿತು, ಅವರು ಕೈ ಹಿಂದೆಗೆದುಕೊಂಡರು. ಉಮ್ಮರ್ ವಿಂಚಿನ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡ.

"ಉಮ್ಮರ್!"

"ಬೇರೆಯವರಿಂದ ಇಳಿಸಿ ಸರ್. ನನ್ನ ಕೈಯಲ್ಲಿ ಆಗುದಿಲ್ಲ."

ಮೀಟರನ್ನು ಹಗ್ಗಕ್ಕೆ ಕಟ್ಟಿ ತಳಕ್ಕೆ ಇಳಿಸಿ, ಅಲ್ಲೇ ಬಿಡಿ, ಎತ್ತಬೇಡಿ ಎಂದೆ. ಗೋಪಾಲಕೃಷ್ಣ ಸರ್ ಅಷ್ಟಕ್ಕೆ ಒಪ್ಪಿದರು. ನಾವೆಲ್ಲ ಸುತ್ತ ನಿಂತೆವು. ಬಿಸಿಲು ಏರಿತು. ಒಬ್ಬ ಲಾರಿ ಡ್ರೈವರ್ ಹಾರ್ನ್ ಹೊಡೆದ. ಏನೂ ಆಗಲಿಲ್ಲ. ನಾನು ತಪ್ಪಾಗಿದ್ದರೆ? ಹೆದರಿಕೆಗೆ ಒಂದು ಸಿದ್ಧಾಂತ ಕಟ್ಟಿಕೊಂಡಿದ್ದರೆ? ಎರಡನೇ ಬಾವಿಯಲ್ಲಿ ಹೆದರಿಕೆಯಿಂದಲೇ ತಪ್ಪಾಗಿ ಸರಿ ಅಂದವಳು ನಾನು. ಇವತ್ತಿನ ಹೆದರಿಕೆ ಮಾತ್ರ ನಿಜ ಎಂದು ಹೇಗೆ ಹೇಳಲಿ? ಚಹಾದ ಹುಡುಗ ಬಂದ. ಸರ್ ಕಪ್ಪು ತೆಗೆದುಕೊಂಡು, "ಮೇಡಂ, ಇನ್ನು ಸಾಕು" ಎನ್ನುವಷ್ಟರಲ್ಲಿ ಹತ್ತಾಳು ಕೆಳಗಿನಿಂದ ಮೀಟರ್ ಕೂಗತೊಡಗಿತು.

ಸಣ್ಣ ಮಗು ರಚ್ಚೆ ಹಿಡಿದಂತೆ, ನಿಲ್ಲಿಸದೆ ಕೂಗಿತು. ಸರ್ ಚಹಾದ ಕಪ್ಪನ್ನು ಕೆಳಗಿಟ್ಟರು. ಆಮೇಲೆ ಲಾರಿಗಳ ಕಡೆಗೆ ತಿರುಗಿ, ಹೋಗಿ ಎಂದು ಕೈ ಬೀಸಿದರು.

ಮಧ್ಯಾಹ್ನ ಗೋದಾಮಿಗೆ ಹೋದೆ. ಕ್ರಿಸ್ಟಲ್ ಕೈಗವಸಿನ ಪೆಟ್ಟಿಗೆಗಳ ನಡುವೆ ಕೂತಿದ್ದಳು. ಸುದ್ದಿ ಆಗಲೇ ತಲುಪಿತ್ತು.

"ಆ ಮೇಲ್ ವಾಪಸು ತಗೊಂಡಿದ್ದೀನಿ" ಎಂದೆ.

"ನನಗೆ ಯಾಕೆ ಹೇಳ್ತೀರಿ? ಬರೆದದ್ದು ಸರ್‌ಗೆ ಅಲ್ವಾ?"

ನಿಂತೇ ಇದ್ದೆ. ಅವಳು ಒಂದು ಪೆಟ್ಟಿಗೆಯನ್ನು ಕಾಲಿಂದ ನನ್ನ ಕಡೆಗೆ ಸರಿಸಿದಳು. ಕೂರಲಿಕ್ಕೋ, ಎತ್ತಿಡಲಿಕ್ಕೋ ಗೊತ್ತಾಗಲಿಲ್ಲ. ಎತ್ತಿಟ್ಟೆ.

ತೇಜಸ್ವಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವರು "ಬಂದುಬಿಡು" ಎಂದರು. "ಆ ಬುಡ ಇನ್ನೂ ನೋಡಬೇಕು" ಎಂದೆ.

ನವೆಂಬರ್ 10, ಭಾನುವಾರ

ಗಾಳಿ ಬೀಸುತ್ತಿದೆ, ವಾಯುಭಾರ ಏರಿದೆ, ಕಾಗದ ಒಳಕ್ಕೆ ಬಾಗಿದೆ. ನಾಲ್ಕು ಗಂಟೆ ಮೀಟರ್ ತಳದಲ್ಲೇ ಇತ್ತು, ಸದ್ದಿಲ್ಲ. ಬ್ಲೋವರ್ ನಿಲ್ಲಿಸುವುದಿಲ್ಲ. ಸದ್ದು ಕೇಳಿಸದಿದ್ದರೆ ಬಂಡೆಯ ಮೇಲೆ ಅಂಗೈ ಊರಿ, ಪಕ್ಕದಲ್ಲಿ ಬಡಿದು ನೋಡುವುದು. ಪೊಳ್ಳಿದ್ದರೆ ಅಂಗೈಗೆ ನಡುಕ ಗೊತ್ತಾಗುತ್ತದೆ. ಎರಡನೇ ಬಾವಿಯಿಂದ ಒಡೆದು ತೆಗೆದಿದ್ದ ಚಪ್ಪಡಿಗಳ ಮೇಲೆ ಕಣ್ಣು ಮುಚ್ಚಿ ಅಭ್ಯಾಸ ಮಾಡಿದ್ದೇನೆ.

ಮತ್ತೆ ಬಾವಿಯ ಬಾಯಿಗೆ ಬಂದ ಕ್ರಿಸ್ಟಲ್ ಬೆಲ್ಟ್ ಕಟ್ಟಿದಳು. ಬೇಕಾದ್ದಕ್ಕಿಂತ ಹೆಚ್ಚೇ ಬಿಗಿದಳು. ಮೀಟರನ್ನು ಎದೆಗೆ ಸಿಕ್ಕಿಸಿ, ಅದರ ಕೊಂಡಿಗೆ ಪ್ಲಾಸ್ಟಿಕ್ ಟೈ ಹಾಕಿ, ಉಳಿದ ತುದಿಯನ್ನು ಕತ್ತರಿಸಿದಳು. ನಾನು ತೆಗೆಯದಂತೆ.

"ಏನು ಮಾತಾಡ್ಲಿ?" ಎಂದು ಕೇಳಿದೆ.

"ಎಂತದಾದ್ರೂ. ಹುಳಿ ಒಂದು ಬೇಡ, ದಮ್ಮಯ್ಯ."

ಉಮ್ಮರ್ ಗುಂಡಿ ಒತ್ತಿದ. ಆಕಾಶ ಮತ್ತೆ ಅದೇ ತಟ್ಟೆ, ಅದೇ ಬಟ್ಟಲು. ಹೇಳಲು ಬೇರೆ ಏನೂ ಹೊಳೆಯಲಿಲ್ಲ.

"ಮೊದಲ ಬಳೆ ದಾಟಿದೆ. ಭಯ ಆಗ್ತಿದೆ. ಎರಡನೇ ಬಳೆ. ಹಲಗೆ ಒದ್ದೆ ಇದೆ. ಭಯ ಆಗ್ತಿದೆ. ಕಾಲು ನಡುಗ್ತಿದೆ. ಮೂರನೇ ಬಳೆ."

ತಳದಲ್ಲಿ ನನ್ನ ಸುತ್ತಿಗೆ ಬಿದ್ದಿತ್ತು, ತೂತಿನ ಪಕ್ಕದಲ್ಲೇ. ಎತ್ತಿಕೊಂಡೆ. ಅಂಗೈ ಊರಿ ಬಡಿದೆ. ಗಟ್ಟಿ. ಒಂದು ಹೆಜ್ಜೆ ಸರಿದು ಮತ್ತೆ ಬಡಿದೆ. "ಇಲ್ಲಿ ಗಟ್ಟಿ. ಇಲ್ಲೂ ಗಟ್ಟಿ. ತೂತಿನ ಬಲಕ್ಕೆ ನಡುಕ ಬರ್ತಿದೆ, ಇಲ್ಲಿ ಒಡೀಬೇಕು, ಪಾಸ್ ಮಾಡಲ್ಲ. ಭಯ ಆಗ್ತಿದೆ."

ವಾಕಿಟಾಕಿ ಗೊರಗೊರ ಎಂದಿತು. "ಜೋರು ಹೇಳು ಮಾರಾಯ್ತಿ, ಬ್ಲೋವರಿನ ಸದ್ದಿಗೆ ಕೇಳುದಿಲ್ಲ."

ಜೋರಾಗಿ ಹೇಳಿದೆ.